ಸೆರ್ಬಿಯದ ಡಾಕ್ಟರು, ಹ್ಮೋಂಗರ ಹೊಸ್ತಿಲು

ಅಕ್ಕಲಕೋಟೆ, ಹೊರಟ ದಿನ

ನನ್ನ ಹತ್ತಿರ ಒಂದು ಹಳೆಯ ನೋಟ್‌ಬುಕ್ ಇದೆ. ರಟ್ಟು ಉದುರಿದೆ, ಹೊಲಿಗೆ ಬಿಚ್ಚಿದೆ, ಆದರೂ ಟ್ರಂಕಿನಿಂದ ಹೊರಗೆ ಹಾಕಲು ಮನಸ್ಸು ಬಂದಿಲ್ಲ. ಪ್ರತಿ ಪುಟದಲ್ಲೂ ಮೂರು ಪಟ್ಟಿ ಎಳೆದಿದ್ದೇನೆ. ಎಡಗಡೆ ಸೆರ್ಬಿಯನ್ ಭಾಷೆಯ ಮಾತು, ಬಲಗಡೆ ಹ್ಮೋಂಗ್ ಭಾಷೆಯ ಮಾತು, ನಡುವೆ ನಮ್ಮ ಸೊಲ್ಲಾಪುರದ ಕನ್ನಡ. ಮೊದಲನೆಯದು ಯುರೋಪಿನ ಯುಗೊಸ್ಲಾವಿಯದ್ದು, ಎರಡನೆಯದು ಲಾವೋಸ್ ದೇಶದ ಬೆಟ್ಟದ ಜನರದು. ಎಲ್ಲಿಂದೆಲ್ಲಿಯ ನೆಂಟಸ್ತಿಕೆ ಎಂದು ನೀವು ಕೇಳಬಹುದು. ಒಂದೇ ಪ್ರವಾಸದಲ್ಲಿ ಎರಡೂ ನನ್ನ ಕಿವಿಗೆ ಬಿದ್ದವು, ಅಷ್ಟೇ.

ಮೂರನ್ನೂ ಬರೆದದ್ದು ಮಾತ್ರ ಮರಾಠಿ ಅಕ್ಷರದಲ್ಲಿ. ನಾನು ಕಲಿತದ್ದು ಮರಾಠಿ ಶಾಲೆ. ಕನ್ನಡ ನನಗೆ ಬಾಯಿಗೆ ಬರುತ್ತಿತ್ತು, ಕೈಗೆ ಬರುತ್ತಿರಲಿಲ್ಲ. ಈಗಲೂ ನಾನು ಹೇಳುತ್ತೇನೆ, ಮಗಳು ಬರೆದುಕೊಳ್ಳುತ್ತಾಳೆ. ನಡುನಡುವೆ "ಅಪ್ಪಾ, ಇದನ್ನ ಹಿಂಗ ಬರದ್ರ ಮಂದಿ ನಗ್ತಾರ" ಎಂದು ತಿದ್ದುತ್ತಾಳೆ. ನಗಲಿ ಬಿಡಿ, ಅಳುವುದಕ್ಕಿಂತ ವಾಸಿ.

ಅದು ಐವತ್ತೈದನೆಯ ಇಸವಿ. ಇಂಡೋಚೈನಾದ ಯುದ್ಧ ನಿಂತು, ಲಾವೋಸಿನಲ್ಲಿ ಕದನವಿರಾಮ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಲು ಒಂದು ಆಯೋಗ ಕೂತಿತ್ತು. ಅದರ ಯಜಮಾನಿಕೆ ನಮ್ಮ ದೇಶದ್ದು. ಯಜಮಾನಿಕೆ ಅಂದ ಮೇಲೆ ಕಾಗದಪತ್ರ ಬಂತು, ಕಾಗದಪತ್ರ ಅಂದ ಮೇಲೆ ಟೈಪಿಸ್ಟ್ ಬಂದ. ಆ ಟೈಪಿಸ್ಟುಗಳಲ್ಲಿ ಸೊಲ್ಲಾಪುರದ ಕಚೇರಿಯಲ್ಲಿ ಕೂತಿದ್ದ ನಾನೂ ಒಬ್ಬ. ಆದೇಶ ಬಂದಾಗ ನನ್ನ ಹೆಂಡತಿ ಶಾಂತಾಗೆ ಏಳು ತಿಂಗಳು. ಚೊಚ್ಚಲ ಹೆರಿಗೆ, ಅಕ್ಕಲಕೋಟೆಯ ತವರುಮನೆಗೆ ಬಂದಿದ್ದಳು. ನಾನು ಹೇಳಿ ಹೋಗಲು ಅಲ್ಲಿಗೆ ಹೋದೆ.

"ಕೂಸು ಹುಟ್ಟೂದ್ರಾಗ ಬರ್ತೀರಿಲ್ರಿ ಅಳಿಯಂದ್ರ?" ಎಂದರು ಅತ್ತೆ.

"ಬರ್ತೀನ್ರಿ ಅತ್ತಿ. ಕಾಳಜಿ ಮಾಡಬ್ಯಾಡ್ರಿ" ಎಂದೆ.

ಬಾಗಿಲ ಹಿಂದಿನಿಂದ ಶಾಂತಾಳ ದನಿ ಬಂತು: "ಸುಳ್ಳ ಹೇಳಬ್ಯಾಡ್ರಿ. ಬರಾಕ ಆಗಲಿಲ್ಲಂದ್ರ ಪತ್ರಾನರೆ ಬರೀರಿ. ಕನ್ನಡದಾಗ ಬರೀರಿ ಮತ್ತ. ಮರಾಠಿ ಪತ್ರಾ ಓದ್ಸಾಕ ನಾ ಮಂದಿ ಮನಿಗಿ ಹೋಗಂಗಿಲ್ಲ."

ಸೊಲ್ಲಾಪುರದ ನವಿ ಪೇಠದ ಬಜಾರಿನಲ್ಲಿ ಒಂದು ಟ್ರಂಕು, ಎರಡು ಅಂಗಿಯ ಬಟ್ಟೆ ಮತ್ತು ಒಂದು ದಪ್ಪ ಚಾದರ ಕೊಂಡೆ. ಸೊಲ್ಲಾಪುರದವನು ಚಾದರವಿಲ್ಲದೆ ಪರದೇಶಕ್ಕೆ ಹೋದರೆ ಊರಿನ ಮರ್ಯಾದೆ ಏನಾಗಬೇಕು? ಕೂಸು ಹುಟ್ಟುವುದರೊಳಗೆ ಬರುತ್ತೇನೆಂದು ಹೇಳಿದ ಮಾತಿನ ಮೇಲೆ ನನಗೇ ನಂಬಿಕೆಯಿರಲಿಲ್ಲ.

ವಿಯೆಂಟಿಯಾನ್

ಲಾವೋಸಿನ ರಾಜಧಾನಿ ನದಿಯ ದಂಡೆಯ ಮೇಲಿನ ಒಂದು ನಿಧಾನದ ಊರು. ಸೊಲ್ಲಾಪುರದಲ್ಲಿ ಬೆಳಗಾದರೆ ಗಿರಣಿಯ ಭೋಂಗಾ ಕೂಗಿ ಎಬ್ಬಿಸುತ್ತದೆ. ಇಲ್ಲಿ ಎಬ್ಬಿಸುವವರೇ ಇಲ್ಲ. ಮೊದಲ ವಾರ ದಿನಾ ತಡವಾಗಿ ಎದ್ದು ಬೈಸಿಕೊಂಡೆ.

ಮನೆಗಳ ಕೊರತೆಯಿಂದ ನನ್ನನ್ನು ಒಬ್ಬ ಡಾಕ್ಟರರ ಜೊತೆ ಒಂದೇ ಮನೆಯಲ್ಲಿ ಇರಿಸಿದರು. ಹೆಸರು ರಾದೊವಾನ್. ಸೆರ್ಬಿಯದ ಕುರಿ ಸಾಕುವ ಹಳ್ಳಿಯವರು. ಬೆಟ್ಟದ ಊರುಗಳಲ್ಲಿ ಮಲೇರಿಯಾ ನೋಡಲು ಬಂದಿದ್ದರು. ಆರಡಿ ಆಳು, ದಪ್ಪ ಮೀಸೆ. ದನಿಯಂತೂ ನಮ್ಮ ನಾಗಣಸೂರದ ಕುರುಬರು ನಾಲ್ಕು ಹೊಲದಾಚೆಯ ಕುರಿಯನ್ನು ಕರೆದಂತೆ. ಅವರು ನನ್ನೊಡನೆ ಆಡಿದ್ದು ಇಂಗ್ಲಿಷು. ಆದರೆ ಇಲ್ಲಿ ಹೇಳುವಾಗ ನಾನು ಎಲ್ಲರ ಬಾಯಲ್ಲೂ ನಮ್ಮ ಕಡೆಯ ಕನ್ನಡವನ್ನೇ ಇಡುತ್ತೇನೆ. ನನ್ನ ನೆನಪಿನಲ್ಲಿ ಅವರು ಹಾಗೆಯೇ ಮಾತಾಡುತ್ತಾರೆ.

ಒಂದು ಚಳಿಯ ಬೆಳಿಗ್ಗೆ ಅವರು ಕೈಹೆಣಿಗೆಯ ಸ್ವೆಟರ್ ಹಾಕಿಕೊಂಡು ಬಂದು, ಎದೆ ತಟ್ಟಿಕೊಂಡು "ವೂನಾ! ನಮ್ಮವ್ವ ಹೆಣದದ್ದು" ಎಂದರು. ನಾನು ಚಹಾದ ಕಪ್ಪು ಹಾಗೇ ಕೆಳಗಿಟ್ಟೆ. ವೂನಾ ಅಂದರೆ ಉಣ್ಣೆ! ನಮ್ಮ ಕುರುಬರ ಕಂಬಳಿಯ ಉಣ್ಣೆ ಅಷ್ಟು ದೂರ ಹೇಗೆ ಹೋಯಿತು? ಅಂದೇ ನೋಟ್‌ಬುಕ್ ಶುರುವಾಯಿತು. ಜೇನಿಗೆ ಮೆದ್, ನಮ್ಮ ಮಧು. ಹೊಗೆಗೆ ದಿಮ್, ನಮ್ಮ ಧೂಮ. ಗಂಡನ ತಮ್ಮನಿಗೆ ದೇವೆರ್. ಮರಾಠಿಯವರು ದೀರ ಅನ್ನುತ್ತಾರೆ. ವಾರಗಿತ್ತಿಗೂ ಅವರಲ್ಲಿ ಬೇರೆ ಹೆಸರು, ನಾದಿನಿಗೂ ಬೇರೆ ಹೆಸರು. ತಂದೆಯ ಅಣ್ಣತಮ್ಮಂದಿರು ಸ್ತ್ರಿತ್ಸ್, ತಾಯಿಯ ಅಣ್ಣತಮ್ಮಂದಿರು ಊಯಕ್.

"ಇಂಗ್ಲಿಷರಿಗಿ ಕಾಕಾ ಯಾರು, ಮಾಮಾ ಯಾರು ಅನ್ನೂದ ಗೊತ್ತಿಲ್ಲ ನೋಡ್ರಿ. ಇಬ್ಬರಿಗೂ ಒಂದ ಹೆಸರ. ಇಂಥಾ ಮಂದಿ ಅರ್ಧಾ ಜಗತ್ತ ಹೆಂಗ ಆಳಿದ್ರು?" ಎಂದು ಡಾಕ್ಟರು ಮೀಸೆ ತಿರುವಿದರು.

ವಿಭಕ್ತಿಯ ಮಾತು ಬಂದಾಗ ಅವರು ನನ್ನನ್ನು ಹೆದರಿಸಲು ನೋಡಿದರು. ಸೆರ್ಬಿಯನ್ ಕಲಿಯುವವರೆಲ್ಲ ಅಲ್ಲಿಗೆ ಬಂದು ಕೈಬಿಡುತ್ತಾರಂತೆ, ಏಳು ವಿಭಕ್ತಿ. ನಾನು ನಕ್ಕೆ. ಮಾಯ್ಕಾ ಅಂದರೆ ತಾಯಿ, ಮಾಯ್ಕೆ ಅಂದರೆ ತಾಯಿಯ, ಮಾಯ್ತ್ಸಿ ಅಂದರೆ ತಾಯಿಗೆ, ಮಾಯ್ಕು ಅಂದರೆ ತಾಯಿಯನ್ನು, ಕರೆಯುವಾಗ ಮಾಯ್ಕೊ ಅಂದರೆ ತಾಯೀ! ನಮ್ಮ ಕಡೆ ಎರಡು ವರ್ಷದ ಕೂಸು ಕೂಡ ಇದನ್ನು ಮಾಡುತ್ತದೆ. ಆದರೆ ಎಣಿಕೆಯಲ್ಲಿ ನನ್ನ ಸೊಕ್ಕು ಇಳಿಯಿತು. ಒಂದು ಕುರಿ ಓವ್ತ್ಸಾ, ಎರಡಾದರೆ ಓವ್ತ್ಸೆ, ನಾಲ್ಕರವರೆಗೂ ಹಾಗೆ; ಐದಾದ ಕೂಡಲೇ ಓವಾತ್ಸಾ. ನಾಲ್ಕು ಕುರಿ ಪರಿಚಯದವು, ಐದನೆಯದು ಬಂದರೆ ಜಾತ್ರೆ ಎಂದು ಲೆಕ್ಕವಿರಬೇಕು.

ಅಷ್ಟರಲ್ಲಿ ತಂತಿ ಬಂತು. ಶಾಂತಾಗೆ ಹೆಣ್ಣು ಕೂಸು, ಇಬ್ಬರೂ ಸುಖರೂಪ. ನಾನು ಕಾಗದ ಹಿಡಿದುಕೊಂಡು ಅಳಬೇಕೋ ನಗಬೇಕೋ ತಿಳಿಯದೆ ನಿಂತಿದ್ದೆ. ಡಾಕ್ಟರು ಅದನ್ನು ಕಸಿದು ಓದಿದರು, "ಆಹಾ!" ಎಂದು ಕೂಗಿದರು, ಮುಂದೆ ಬಂದು ನನ್ನ ಹೊಸ ಅಂಗಿಯ ಕೊರಳಪಟ್ಟಿಗೆ ಎರಡೂ ಕೈ ಹಾಕಿ ಸರ್ರನೆ ಹೊಕ್ಕುಳತನಕ ಹರಿದುಬಿಟ್ಟರು.

"ಅಯ್ಯ ಇವ್ನ! ಹುಚ್ಚ ಹಿಡದೈತೇನ್ರಿ ನಿಮಗ?" ನನ್ನ ಬಾಯಿಂದ ಅಚ್ಚ ಕನ್ನಡವೇ ಬಂತು.

ಅವರ ಹಳ್ಳಿಯಲ್ಲಿ ಕೂಸು ಹುಟ್ಟಿದ ಸುದ್ದಿ ಬಂದರೆ ಗೆಳೆಯರು ತಂದೆಯ ಅಂಗಿ ಹರಿಯುತ್ತಾರಂತೆ. ಹರಿಯದಿದ್ದರೆ ಆ ತಂದೆಗೆ ಗೆಳೆಯರೇ ಇಲ್ಲ ಎಂದು ಅರ್ಥ. ನಮ್ಮ ಕಡೆ ಸಕ್ಕರೆ ಹಂಚುತ್ತಾರೆ, ಅಂಗಿ ಹರಿಯುವುದಿಲ್ಲ ಎಂದು ತಿಳಿಸಿ ಹೇಳಿದೆ. ಆಮೇಲೆ ಒಳಗೆ ಹೋಗಿ ಹರಿದ ಅಂಗಿಯನ್ನು ಮಡಿಚಿ ಟ್ರಂಕಿನ ತಳದಲ್ಲಿಟ್ಟೆ. ಆ ದಿನ ಆ ಊರಿನಲ್ಲಿ ನನ್ನ ಸಲುವಾಗಿ ಸಂತೋಷಪಟ್ಟವರು ಅವರೊಬ್ಬರೇ.

ಸಿಯೆಂಗ್ ಖ್ವಾಂಗ್, ಬೆಟ್ಟದ ದಾರಿ

ಎರಡು ತಿಂಗಳ ನಂತರ ಆಯೋಗದ ಒಂದು ತಂಡ ಉತ್ತರದ ಬೆಟ್ಟಗಳಿಗೆ ಹೊರಟಿತು. ಬರೆದುಕೊಳ್ಳಲು ನಾನು, ಔಷಧದ ಪೆಟ್ಟಿಗೆ ಹೊರಿಸಿಕೊಂಡು ಡಾಕ್ಟರು. ವಿಮಾನ ಒಂದು ಬಯಲಿನಲ್ಲಿ ಇಳಿಸಿತು. ಮುಂದೆ ಜೀಪು, ಆಮೇಲೆ ಕುದುರೆ, ಕೊನೆಗೆ ಕಾಲು. ಸೊಲ್ಲಾಪುರದ ಸಪಾಟು ನೆಲದಲ್ಲಿ ಬೆಳೆದ ಕಾಲಿಗೆ ಬೆಟ್ಟ ಅಂದರೇನು ಎಂದು ಅಂದು ತಿಳಿಯಿತು. ದಾರಿಯ ಎರಡೂ ಬದಿ ಗಸಗಸೆ ಹೂವು. ನಮ್ಮಲ್ಲಿ ಒಂದು ಮುಷ್ಟಿ ಗಸಗಸೆಗೆ ಪಾಯಸ ಮಾಡಿ ಊರಿಗೆಲ್ಲ ಹೇಳಿಕೊಳ್ಳುತ್ತೇವೆ. ಇಲ್ಲಿ ಗುಡ್ಡಕ್ಕೆ ಗುಡ್ಡವೇ ಗಸಗಸೆ.

ನಮ್ಮ ದಾರಿಗಾರನ ಹೆಸರು ನೆಂಗ್ ಚೂ. ನಲವತ್ತರ ಮನುಷ್ಯ, ಕಪ್ಪು ಚಡ್ಡಿ, ಕೊರಳಲ್ಲಿ ಬೆಳ್ಳಿಯ ಕಡಗ. ಹಿಂದೆ ಫ್ರೆಂಚ್ ದಂಡಿನ ಸಾಮಾನು ಹೊತ್ತು ಫ್ರೆಂಚ್ ಕಲಿತಿದ್ದ. ಡಾಕ್ಟರಿಗೂ ಫ್ರೆಂಚ್ ಬರುತ್ತಿತ್ತು. ಹೀಗೆ ಅವನ ಮಾತು ಡಾಕ್ಟರಿಗೆ, ಡಾಕ್ಟರ ಮಾತು ನನಗೆ. ಕೆಳಗಿನ ಊರವರು ಈ ಜನರನ್ನು ಬೇರೊಂದು ಹೆಸರಿನಿಂದ ಕರೆಯುತ್ತಿದ್ದರು. ನಾನೂ ಹಾಗೆ ಕರೆದಾಗ ನೆಂಗ್ ಚೂ ನಿಂತುಬಿಟ್ಟ. "ಹಂಗ ಅನ್ನಬ್ಯಾಡ. ನಾವು ಹ್ಮೋಂಗ್" ಎಂದ. ಮೊದಲು ಮೂಗಿನಿಂದ ಸ್ವಲ್ಪ ಉಸಿರು ಬಿಟ್ಟು ಆಮೇಲೆ ಮಕಾರ ಹೇಳಬೇಕು. ಹತ್ತು ಸಲ ಹೇಳಿಸಿ ಒಪ್ಪಿಕೊಂಡ.

ಅವನ ಭಾಷೆ ಡಾಕ್ಟರ ಭಾಷೆಗೆ ತೀರ ಉಲ್ಟಾ. ತಾಯಿ ಅಂದರೆ ನಿಯಾ. ತಾಯಿಗೆ ಕೊಡಲಿ, ತಾಯಿಯನ್ನು ಕರೆಯಲಿ, ನಿಯಾ ನಿಯಾನೇ, ಬಾಲ ಬೆಳೆಯುವುದಿಲ್ಲ. ಕುದುರೆಗೆ ನೇಂಗ್, ಒಂದಾದರೂ ನೇಂಗ್, ಐದಾದರೂ ನೇಂಗ್. ಆದರೆ ಎಣಿಸುವಾಗ ಅದು ಜೀವವಿರುವುದೋ, ಗುಂಡಗಿರುವುದೋ, ಕೈಯಲ್ಲಿ ಹಿಡಿಯುವ ಆಯುಧವೋ ಎಂದು ಹೇಳುವ ಒಂದು ಚಿಕ್ಕ ಮಾತನ್ನು ನಡುವೆ ಸೇರಿಸಬೇಕು. ನಾವು ಮನುಷ್ಯರಿಗೆ ಒಬ್ಬ, ಇಬ್ಬರು ಅನ್ನುತ್ತೇವೆ, ಕುದುರೆಗೆ ಒಂದು, ಎರಡು ಅನ್ನುತ್ತೇವಲ್ಲ, ಅದನ್ನೇ ಅವರು ಎಲ್ಲ ವಸ್ತುಗಳಿಗೂ ಹಬ್ಬಿಸಿದ್ದಾರೆ.

ಕಷ್ಟ ಇರುವುದು ರಾಗದಲ್ಲಿ. 'ಪಾ' ಎನ್ನುವ ಒಂದೇ ಮಾತು. ಎತ್ತರದಲ್ಲೇ ನಿಲ್ಲಿಸಿದರೆ ನೆರವು, ಎತ್ತರದಿಂದ ಇಳಿಸಿದರೆ ಹೂವು, ಮೇಲಕ್ಕೆ ಏರಿಸಿದರೆ ಕಟ್ಟುವುದು, ಗಂಟಲಲ್ಲಿ ತಟ್ಟನೆ ತುಂಡರಿಸಿದರೆ ಹೊದಿಕೆ. ನಾನು ಹೇಳಿದ್ದೆಲ್ಲವೂ ಒಂದೇ ಪಾ. ನೆಂಗ್ ಚೂ ಕುದುರೆಯ ಕೊರಳು ಹಿಡಿದುಕೊಂಡು ನಕ್ಕ.

"ನಮ್ಮೊಳಗೂ ರಾಗ ಐತಿ!" ಎಂದು ಡಾಕ್ಟರು ಮುಂದೆ ಬಂದು, "ಗೊರೆ ಗೊರೆ ಗೊರೆ ಗೊರೆ" ಎಂದರು. ಏರಿಸಿ ಇಳಿಸಿ ಹೇಳಿದರೆ ಅದು ಒಂದು ಪೂರ್ತಿ ವಾಕ್ಯವಂತೆ: ಅಲ್ಲಿ ಮೇಲೆ ಗುಡ್ಡಗಳು ಇನ್ನೂ ಜೋರಾಗಿ ಉರಿಯುತ್ತಿವೆ. ನೆಂಗ್ ಚೂ ಕಿವಿ ನಿಮಿರಿಸಿ ಕೇಳಿ, ಒಂದೂ ಸ್ವರ ತಪ್ಪದೆ ತಿರುಗಿ ಹೇಳಿದ. ಡಾಕ್ಟರು ಬೆರಗಾದರು. ಇವನ ಕಿವಿಗೆ ಸಿಕ್ಕಿದ ಸೂಕ್ಷ್ಮ ತಮ್ಮ ದೇಶದ ಎಷ್ಟೋ ಊರಿನವರಿಗೇ ಸಿಗುವುದಿಲ್ಲ ಎಂದರು. ನಾನು ಮಾತ್ರ ಇಬ್ಬರ ನಡುವೆ ಕಿವುಡನ ಹಾಗೆ ನಡೆದೆ.

ಆದರೂ ಮನೆಯ ನೆನಪು ತಂದದ್ದು ಹ್ಮೋಂಗ್ ಭಾಷೆಯೇ. ಅವರಲ್ಲಿ ನಮಸ್ಕಾರವಿಲ್ಲ. ಎದುರಿಗೆ ಬಂದವರಿಗೆ "ಕೊ ತುವಾ ಲೊ" ಅನ್ನುತ್ತಾರೆ. "ಬಂದ್ರ್ಯಾ?" ಎಂದು ಅರ್ಥ, ಕೊನೆಯ ಲೊ ಬರೀ ಪ್ರಶ್ನೆಯ ಬಾಲ. ಆಮೇಲೆ "ಊಟ ಆತೇನು?" ಮೂರನೆಯ ಪ್ರಶ್ನೆ, "ಯಾವ ಕುಲ?" ನಮ್ಮ ಅತ್ತೆ ನನ್ನನ್ನು ಮೊದಲ ಸಲ ನೋಡಿದಾಗ ಕೇಳಿದ್ದೂ ಇದೇ ಮೂರು, ಕುಲದ ಬದಲು "ಬೆಡಗ ಯಾವ್ದು?" ಎಂದಿದ್ದರು, ಅಷ್ಟೇ. ತಂದೆಯ ಅಣ್ಣನಿಗೆ ಅವರು ಚಿ ಹ್ಲೊ ಅನ್ನುತ್ತಾರೆ. ಚಿ ಅಂದರೆ ಅಪ್ಪ, ಹ್ಲೊ ಅಂದರೆ ದೊಡ್ಡ. ದೊಡ್ಡಪ್ಪ! ಇದು ಸೆರ್ಬಿಯನ್ನಿನಲ್ಲಿ ಕೂಡ ಇಲ್ಲ. ಅಲ್ಲಿ ಅಪ್ಪನ ಅಣ್ಣನೂ ತಮ್ಮನೂ ಒಂದೇ ಸ್ತ್ರಿತ್ಸ್. ನಾನು ಡಾಕ್ಟರನ್ನು ಚುಡಾಯಿಸಿದೆ, "ನೀವೂ ಅರ್ಧ ಇಂಗ್ಲಿಷರ ಬಿಡ್ರಿ" ಎಂದೆ. ಅವರು ಒಂದು ಮೈಲಿ ನನ್ನೊಡನೆ ಮಾತು ಬಿಟ್ಟರು.

ಎಲೆ ಕಟ್ಟಿದ ಬಾಗಿಲು

ನೆಂಗ್ ಚೂನ ಹಳ್ಳಿ ಬೆಟ್ಟದ ಹೆಗಲ ಮೇಲಿತ್ತು. ಇಪ್ಪತ್ತು ಮನೆ, ಮಣ್ಣಿನ ನೆಲ, ಹುಲ್ಲಿನ ಸೂರು. ನಮ್ಮ ತಂಡದ ಮುಂದಾಳು ಮೇಜರ್ ಸಾಹೇಬರು ಊರ ಹಿರಿಯರೊಡನೆ ಮಾತಿಗೆ ಕೂತರು, ಡಾಕ್ಟರು ರೋಗಿಗಳ ನಡುವೆ ಸಿಕ್ಕಿಕೊಂಡರು. ನನಗೆ ಒಂದು ತಾಸು ಬಿಡುವು. ಬೂಟು ಹಾಕಿಕೊಂಡು, ನೋಟ್‌ಬುಕ್ಕಿನ ಚೀಲವನ್ನು ಹೆಗಲಿಗೇರಿಸಿ ಊರು ನೋಡಲು ಹೊರಟೆ.

ಕೊನೆಯ ಮನೆಯ ಹತ್ತಿರ ಬಂದಾಗ ಒಳಗಿನಿಂದ ಕೂಸು ಅಳುವ ದನಿ ಬಂತು. ಹಸಿ ಕೂಸಿನ ಅಳು, ಬೆಕ್ಕಿನ ಮರಿಯ ದನಿಯ ಹಾಗೆ. ನನ್ನ ಮಗಳಿಗೆ ಆಗ ಎರಡು ತಿಂಗಳು. ಅವಳ ಅಳು ಹೇಗಿದೆ ಎಂದು ನನಗೆ ಗೊತ್ತಿರಲಿಲ್ಲ. ಕಾಲು ತಾನಾಗಿ ಅತ್ತ ತಿರುಗಿತು. ನೋಡಿದರೆ ಬಾಗಿಲಿಗೆ ಹಸಿರೆಲೆಯ ಗೊಂಚಲು ಕಟ್ಟಿದ್ದಾರೆ. ತೋರಣ! ಶುಭಕಾರ್ಯದ ಮನೆ, ಬಂದವರೆಲ್ಲ ಬರಲಿ ಎಂದು ಕಟ್ಟಿದ್ದಾರೆ ಎಂದುಕೊಂಡೆ. ಒಂದು ಕ್ಷಣವೂ ಯೋಚಿಸದೆ ಬೂಟುಗಾಲಿನಲ್ಲೇ ಒಳಗೆ ನಡೆದೆ.

ಒಳಗೆ ಕತ್ತಲೆ, ಒಲೆಯ ಉರಿ. ಉರಿಯ ಪಕ್ಕದಲ್ಲಿ ಇಪ್ಪತ್ತರ ಹೆಣ್ಣುಮಗಳು ಕೂಸಿಗೆ ಹಾಲೂಡಿಸುತ್ತಿದ್ದಳು. ನನ್ನನ್ನು ಕಂಡದ್ದೇ ಕೂಸನ್ನು ಎದೆಗೆ ಅವುಚಿಕೊಂಡು ಕಿಟಾರನೆ ಕಿರುಚಿದಳು. ಮೂಲೆಯಿಂದ ಒಬ್ಬ ಮುದುಕಿ ಸೌಟು ಎತ್ತಿಕೊಂಡು ಬಂದಳು. ನಾನು ಆಗ ಬಾಯಿಗೆ ಬಂದ ಒಂದೇ ಮಾತು, "ಕೊ ತುವಾ ಲೊ" ಎಂದೆ. ಅವರ ಮನೆಗೆ ನುಗ್ಗಿ ನಾನೇ ಅವರಿಗೆ "ಬಂದ್ರ್ಯಾ?" ಎಂದು ಕೇಳಿದ ಹಾಗಾಯಿತು. ಸೌಟು ಹೆಗಲಿಗೆ ಬಿತ್ತು. ಓಡಿ ಹೊರಗೆ ಬಂದೆ.

ಕಿರುಚಾಟ ಕೇಳಿ ನೆಂಗ್ ಚೂ, ಅವನ ಹಿಂದೆ ಡಾಕ್ಟರು ಓಡಿ ಬಂದರು. ನೆಂಗ್ ಚೂನ ಮುಖ ಸುಣ್ಣದಂತಾಗಿತ್ತು. ಅದು ಅವನ ತಮ್ಮನ ಮನೆ. ಕೂಸು ಹುಟ್ಟಿ ಎಂಟು ದಿನ.

"ಎಲಿ ಕಟ್ಟಿದ್ದು ಕಾಣಲಿಲ್ಲೇನು?" ಎಂದು ಕೇಳಿದ.

"ಕಂಡಿತ್ತು. ಅದಕ್ಕ ಹೋದೆ" ಎಂದೆ.

ಅವರಲ್ಲಿ ಹಸಿರೆಲೆ ಕಟ್ಟಿದರೆ ಹೊರಗಿನವರು ಬರಬಾರದು ಎಂದರ್ಥ. ಬಾಣಂತಿಗೆ ಒಂದು ತಿಂಗಳು ಆ ಕಟ್ಟಳೆ. ಅದರಲ್ಲೂ ಬೂಟು ಹಾಕಿಕೊಂಡು ಚೀಲ ಹೊತ್ತು ಬಂದವನು ತಾಯಿಯ ಹಾಲನ್ನು ಚೀಲದಲ್ಲಿ ತುಂಬಿಕೊಂಡು ಹೋಗುತ್ತಾನೆ ಎಂದು ಅವರ ನಂಬಿಕೆ. ಡಾಕ್ಟರು ಇದನ್ನು ತಿಳಿಸಿ ಹೇಳುವಾಗ ನನಗೆ ನಮ್ಮ ಸೊಲ್ಲಾಪುರದ ಮನೆಯ ಬಾಗಿಲು ನೆನಪಾಯಿತು. ನಾನು ಆರು ವರ್ಷದವನಿದ್ದಾಗ ಮೈಮೇಲೆ ಅಮ್ಮ ಎದ್ದಿದ್ದಳು, ಅಂದರೆ ಸಿಡುಬು. ಅವ್ವ ಬಾಗಿಲಿಗೆ ಬೇವಿನ ತೊಪ್ಪಲು ಕಟ್ಟಿದ್ದಳು, ಮಂದಿ ಅದನ್ನು ನೋಡಿ ಹೊರಗಿನಿಂದಲೇ ತಿರುಗಿ ಹೋಗುತ್ತಿದ್ದರು. ಮಾವಿನೆಲೆಯಾದರೆ ಬಾ, ಬೇವಿನೆಲೆಯಾದರೆ ಬರಬೇಡ. ಇದು ಗೊತ್ತಿದ್ದೂ ನಾನು ಇದು ಯಾವ ಎಲೆ ಎಂದು ಕೇಳಲಿಲ್ಲ. ನನ್ನ ಮೇಲೆ ನನಗೇ ಸಿಟ್ಟು ಬಂತು.

ಮರುದಿನ

ಬೆಳಿಗ್ಗೆ ನೆಂಗ್ ಚೂ ಬಂದು ಡಾಕ್ಟರೊಡನೆ ಬಹಳ ಹೊತ್ತು ಮಾತಾಡಿದ. ಡಾಕ್ಟರು ನನ್ನ ಹತ್ತಿರ ಬಂದು ಕೂತರು.

"ಆ ಹೆಣ್ಣಮಗಳ ಹಾಲ ನಿಂತೈತಂತ. ಕೂಸು ಅತ್ತು ಅತ್ತು ಸೋತೈತಿ."

ಪಕ್ಕದಲ್ಲಿದ್ದ ಚೀಲವನ್ನು ನಾನು ದೂರ ಸರಿಸಿದೆ. "ನಾ ಒಯ್ದದ್ದಕ್ಕ ನಿಂತಿತೇನ್ರಿ?"

"ಹೆದ್ರಿಕಿಗಿ ಹಾಲ ನಿಂದರತೈತಿ. ಇದು ಡಾಕ್ಟರಕಿ ಮಾತು. ಆದ್ರ ಹೆದರ್ಸಿದವ್ರು ನೀವ ಅಲ್ಲ?" ಎಂದರು. "ನನ್ನ ಹತ್ರ ಹಾಲಿನ ಪುಡಿ ಐತಿ. ನಾಕ ದಿನಾ ಬರತೈತಿ. ಆಮ್ಯಾಲ? ಈ ಗುಡ್ಡದಾಗ ಆಕಳ ಹಿಂಡೂ ರೂಢಿನ ಇಲ್ಲ. ತಾಯಿ ಹಾಲ ಬರಲಿಲ್ಲಂದ್ರ ಎಂಟ ದಿನದ ಕೂಸು ಉಳಿಯೂದಿಲ್ಲ."

ಒಂದೇ ದಾರಿಯಿತ್ತು. ಆ ಊರಿನ ಪದ್ಧತಿಯ ಪ್ರಕಾರ ಹಾಲು ಒಯ್ದವನೇ ತಂದು ಕೊಡಬೇಕು. ಬರಿಗಾಲಿನಲ್ಲಿ, ಚೀಲವಿಲ್ಲದೆ ಬಂದು, ಝರಿಯ ನೀರು ತಾನೇ ಹೊತ್ತು, ಅದೇ ಒಲೆಯ ಮೇಲೆ ಕಾಯಿಸಿ ಬಾಣಂತಿಗೆ ಕುಡಿಯಲು ಕೊಡಬೇಕು. ಒಯ್ದದ್ದನ್ನು ತಿರುಗಿ ತಂದೆ ಎಂದು ತನ್ನ ಬಾಯಿಂದಲೇ ಹೇಳಬೇಕು. ಬೇರೆಯವರು ಅವನ ಪರವಾಗಿ ಹೇಳಿದರೆ ನಡೆಯುವುದಿಲ್ಲ.

ಮೇಜರ್ ಸಾಹೇಬರಿಗೆ ಮಧ್ಯಾಹ್ನದೊಳಗೆ ಕೆಳಗಿಳಿಯಬೇಕಿತ್ತು. "ಟೈಪಿಸ್ಟ್ ಇಲ್ಲಿ ಬಾಣಂತನ ಮಾಡಾಕ ಬಂದಾನೇನು?" ಎಂದು ಸಿಡುಕಿದರು. ಡಾಕ್ಟರು ಎದ್ದು ನಿಂತು, ಈತನನ್ನು ನಾಳೆ ನಾನೇ ಕರೆತರುತ್ತೇನೆ ಎಂದರು. ಅವರು ಎದ್ದು ನಿಂತರೆ ವಾದ ಮಾಡುವುದು ಯಾರಿಗೂ ಸುಲಭವಿರಲಿಲ್ಲ. ತಂಡ ಇಳಿದುಹೋಯಿತು.

ನೆಂಗ್ ಚೂ ನನಗೆ ಹ್ಮೋಂಗ್ ಭಾಷೆಯಲ್ಲಿ ಎರಡು ವಾಕ್ಯ ಹೇಳಿಕೊಟ್ಟ. ನಾನು ಮರಾಠಿ ಅಕ್ಷರದಲ್ಲಿ ಬರೆದುಕೊಂಡು, ಮೇಲೆ ಕೆಳಗೆ ಗೆರೆ ಎಳೆದು ರಾಗ ಗುರುತಿಸಿ, ಪರೀಕ್ಷೆಗೆ ಹೋಗುವವನ ಹಾಗೆ ಬಾಯಿಪಾಠ ಮಾಡಿದೆ. ಝರಿಯ ದಾರಿಯ ಕಲ್ಲು ಅಂಗಾಲಿಗೆ ಮಂಜಿನಷ್ಟು ತಣ್ಣಗೆ. ಬಿದಿರಿನ ಕೊಳವೆಯಲ್ಲಿ ನೀರು ತುಂಬಿ ಒಂದು ಹೆಗಲಿಗೆ ಏರಿಸಿದೆ, ಇನ್ನೊಂದು ಹೆಗಲ ಮೇಲೆ ನನ್ನ ಸೊಲ್ಲಾಪುರದ ಚಾದರ ಹಾಕಿಕೊಂಡೆ. ಡಾಕ್ಟರು ಬಾಗಿಲತನಕ ಬಂದರು. ತಿರುಗಿ ನೋಡಿದರೆ ಅವರೂ ಬೂಟು ಕಳಚಿ ಕೈಯಲ್ಲಿ ಹಿಡಿದು ನಿಂತಿದ್ದರು.

"ನಮ್ಮ ಊರಾಗ ಇದಕ್ಕ ನಲವತ್ತ ದಿನಾ" ಎಂದರು ಮೆಲ್ಲಗೆ. "ನಮ್ಮವ್ವ ಯಾರನ್ನೂ ಬಿಡತಿದ್ದಿಲ್ಲ."

ನಮ್ಮಲ್ಲಿ ಕೂಡ ಬಾಣಂತಿಯನ್ನು ಬೆಚ್ಚಗೆ ಮೂಲೆಯಲ್ಲಿ ಕೂರಿಸಿ, ಹೊರಸಿನ ಕೆಳಗೆ ಕೆಂಡವಿಟ್ಟು, ಅಂಟಿನುಂಡಿ ತಿನ್ನಿಸುತ್ತಾರೆ. ಅಕ್ಕಲಕೋಟೆಯಲ್ಲಿ ನನ್ನ ಅತ್ತೆ ಮಾಡಿದ್ದನ್ನೇ ಇಲ್ಲಿ ಆ ಸೌಟಿನ ಮುದುಕಿ ಮಾಡುತ್ತಿದ್ದಳು. ಉಂಡಿಯ ಬದಲು ಬಿಸಿ ಅನ್ನ, ಗಿಡಮೂಲಿಕೆಯ ಸಾರು. ಮುದುಕಿ ನನ್ನ ಬರಿಗಾಲನ್ನು ನೋಡಿ, ಚೀಲವಿಲ್ಲದ ಹೆಗಲನ್ನು ನೋಡಿ, ಒಳಗೆ ಬಾ ಎಂದು ಗದ್ದದಿಂದ ಸನ್ನೆ ಮಾಡಿದಳು. ನೀರು ಕಾಯಿಸಿದೆ. ಬಟ್ಟಲಿಗೆ ಹಾಕಿ ಎರಡೂ ಕೈಯಲ್ಲಿ ಹಿಡಿದು ಬಾಣಂತಿಯ ಮುಂದೆ ಮಂಡಿಯೂರಿ ಕೂತೆ. ಅವಳು ನನ್ನನ್ನು ನೋಡಲಿಲ್ಲ. ಕೂಸು ತೊಡೆಯ ಮೇಲೆ ಬಾಯಿ ತೆರೆದು ಮಲಗಿತ್ತು, ಅಳಲೂ ಶಕ್ತಿಯಿರಲಿಲ್ಲ.

ಬಾಯಿಪಾಠ ಮಾಡಿದ ಎರಡೂ ವಾಕ್ಯ, ಏರು ಇಳಿವು ಎಲ್ಲವೂ ತಲೆಯಿಂದ ಹಾರಿಹೋದವು. ತುಟಿ ಅಲುಗಿತು, ಮಾತು ಹೊರಡಲಿಲ್ಲ. ಬಟ್ಟಲಿನ ನೀರು ಕೈಮೇಲೆ ಚೆಲ್ಲಿತು. ಮುದುಕಿ ಏನೋ ಹೇಳಿದಳು. ಬಾಗಿಲ ಹತ್ತಿರದಿಂದ ನೆಂಗ್ ಚೂ, ಅವನ ಹಿಂದೆ ಡಾಕ್ಟರು, ಅದನ್ನು ನನಗೆ ದಾಟಿಸಿದರು: "ಅವನವ್ವ ಯಾವ ಮಾತಿನಾಗ ಅವಗ ಹಾಲ ಕುಡ್ಸಿದ್ಳೊ ಆ ಮಾತಿನಾಗ ಹೇಳ್ಲಿ. ಕೇಳೂವ್ರಿಗಿ ತಿಳೀತೈತಿ."

ಆಗ ನಾನು ಹೇಳಿದೆ.

"ತಂಗೀ, ತಿಳೀದ ಒಳಗ ಬಂದ್ನವ್ವಾ. ತಪ್ಪಾತು. ನಿನ್ನ ಹಾಲ ನಾ ಒಯ್ದಿದ್ರ, ಇಕಾ, ತಿರುಗಿ ತಂದೀನಿ, ತಗೋ. ನಂಗೂ ಒಂದ ಹೆಣ್ಣಕೂಸ ಐತಿ. ಎರಡ ತಿಂಗಳಾತು, ಇನ್ನಾ ಮಾರಿ ನೋಡಿಲ್ಲ. ಅದರ ಅಳು ಕೇಳ್ದಂಗಾತು, ಅದಕ್ಕ ಬಂದ್ನಿ. ನಿನ್ನ ಕೂಸಿನ ಹೊಟ್ಟಿ ತುಂಬ್ಲಿ."

ಎಷ್ಟೋ ತಿಂಗಳಾಗಿತ್ತು, ಒಬ್ಬ ಮನುಷ್ಯನ ಮುಖ ನೋಡಿ ಕನ್ನಡ ಮಾತಾಡಿ. ಕಣ್ಣೀರು ಇಳಿಯಿತು, ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ. ಆ ಹುಡುಗಿ ಮೊದಲ ಸಲ ತಲೆಯೆತ್ತಿ ನನ್ನನ್ನು ನೋಡಿದಳು. ಬಟ್ಟಲು ತೆಗೆದುಕೊಂಡು ಪೂರ್ತಿ ಕುಡಿದಳು. ನಾನು ಚಾದರವನ್ನು ಮಡಿಚಿ ಅವಳ ಪಕ್ಕದಲ್ಲಿಟ್ಟೆ. ಮುದುಕಿ ಅದರ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿ "ಪಾ" ಎಂದಳು. ಗಂಟಲಲ್ಲಿ ತುಂಡಾದ ಪಾ, ಹೊದಿಕೆ ಪಾ. ಯಾರನ್ನೂ ಕೇಳದೆ ನನಗೆ ತಿಳಿಯಿತು.

ಹೊರಗೆ ಬಂದು ಕಟ್ಟಿಗೆಯ ರಾಶಿಯ ಮೇಲೆ ಕೂತೆವು. ಡಾಕ್ಟರೂ ನಾನೂ ಬರಿಗಾಲಿನಲ್ಲೇ. ಕೂಸು ಒಮ್ಮೆ ಅತ್ತಿತು, ಸುಮ್ಮನಾಯಿತು, ಮತ್ತೆ ಅತ್ತಿತು. ಪ್ರತಿ ಸಲ ನಾನು ಎದ್ದು ನಿಂತೆ, ಪ್ರತಿ ಸಲ ಡಾಕ್ಟರು ನನ್ನ ಅಂಗಿ ಹಿಡಿದು ಕೂರಿಸಿದರು. ಇದನ್ನಾದರೂ ಹರಿಯಬೇಡಿ ಎಂದೆ. ಹೊತ್ತು ನೆತ್ತಿಯಿಂದ ಇಳಿದಾಗ ಅಳು ಪೂರ್ತಿ ನಿಂತಿತು. ನೆಂಗ್ ಚೂ ಹೊರಗೆ ಬಂದ.

"ಮಿ ಲೊ ಲೌ" ಎಂದ. ಹಾಲು ಬಂತು.

ಹ್ಮೋಂಗರಲ್ಲಿ ಬರುವುದಕ್ಕೆ ಎರಡು ಮಾತಿದೆ ಎಂದು ಆಮೇಲೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಬೇರೆಯವರಲ್ಲಿಗೆ ಬಂದರೆ ತುವಾ, ತನ್ನ ಮನೆಗೆ ತಿರುಗಿ ಬಂದರೆ ಲೊ. ಹಾಲಿಗೆ ಅವನು ಎರಡನೆಯದನ್ನೇ ಬಳಸಿದ್ದ. ಆ ಕ್ಷಣದಲ್ಲಿ ಮಾತ್ರ ವ್ಯಾಕರಣ ಯಾರಿಗೆ ಬೇಕಿತ್ತು? ನಾನು ಡಾಕ್ಟರ ಹೆಗಲಿನ ಮೇಲೆ ತಲೆಯಿಟ್ಟು ಅತ್ತೆ.

"ಹೆದ್ರಿಕಿ ಹೋತು, ಹಾಲ ಬಂತು" ಎಂದರು ಅವರು. ಆಮೇಲೆ "ನಮ್ಮವ್ವ ಇದಕ್ಕ ಬ್ಯಾರೆನ ಹೆಸರ ಇಡತಿದ್ಳು" ಎಂದರು.

ಅಕ್ಕಲಕೋಟೆ, ಬಂದ ದಿನ

ನಾನು ಊರಿಗೆ ತಿರುಗಿ ಬರುವ ಹೊತ್ತಿಗೆ ಮಗಳಿಗೆ ಒಂಬತ್ತು ತಿಂಗಳು. ಡಾಕ್ಟರು ವಿಮಾನದ ತನಕ ಬಂದು ಕಳಿಸಿಕೊಟ್ಟಿದ್ದರು. ಆಮೇಲೆ ಎರಡು ಪತ್ರ ಬಂದವು, ಮೂರನೆಯದು ಬರಲಿಲ್ಲ. ನೆಂಗ್ ಚೂನ ಬೆಟ್ಟಗಳಲ್ಲಿ ಮತ್ತೆ ಯುದ್ಧ ಹೊತ್ತಿಕೊಂಡಿತು. ಆ ಕೂಸು ಈಗ ಎಲ್ಲಿದೆಯೋ, ಯಾವ ದೇಶದಲ್ಲಿ ಯಾವ ಭಾಷೆಯಲ್ಲಿ ತನ್ನ ಮಕ್ಕಳನ್ನು ಕರೆಯುತ್ತಿದೆಯೋ. ಅದಕ್ಕೆ ಕೊಟ್ಟು ಬಂದ ಚಾದರದ ಬಣ್ಣ ನನಗೆ ಈಗಲೂ ನೆನಪಿದೆ, ಕೆಂಪು ಅಂಚು, ಹಸಿರು ಮೈ.

ಅಕ್ಕಲಕೋಟೆಯಲ್ಲಿ ಟಾಂಗಾ ಇಳಿದು ಅತ್ತೆಯ ಮನೆಯ ಮುಂದೆ ಬಂದೆ. ಅಳಿಯ ಪರದೇಶದಿಂದ ಬರುತ್ತಾನೆಂದು ಅವರು ಬಾಗಿಲಿಗೆ ಹಸಿ ಮಾವಿನ ತೋರಣ ಕಟ್ಟಿಸಿದ್ದರು. ಅದನ್ನು ನೋಡಿದ್ದೇ ನನ್ನ ಕಾಲು ನಿಂತುಬಿಟ್ಟವು. ಮಾವಿನೆಲೆಯೇ ಎಂದು ಎರಡು ಸಲ ನೋಡಿದೆ. ಟ್ರಂಕು ಬೀದಿಯಲ್ಲೇ ಇಳಿಸಿದೆ, ಚೀಲ ಅದರ ಮೇಲಿಟ್ಟೆ, ಬೂಟು ಕಳಚಿದೆ.

ಒಳಗೆ ಪಡಸಾಲೆಯಲ್ಲಿ ಚಾಪೆಯ ಮೇಲೆ ನನ್ನ ಮಗಳು ಕೂತಿದ್ದಳು. ನನ್ನನ್ನು ನೋಡಿದಳು, ತುಟಿ ವಾರೆಯಾಯಿತು, ಅಳಲು ಶುರುಮಾಡಿದಳು. ಆ ಅಳುವನ್ನು ನಾನು ಮೊದಲ ಸಲ ಕೇಳಿದೆ. ಒಂದು ಹೆಜ್ಜೆಯನ್ನೂ ಮುಂದಿಡಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಕೂತುಬಿಟ್ಟೆ.

"ಅಯ್ಯ ಶಿವನ! ಯಾಕ್ರಿ ಅಳಿಯಂದ್ರ, ಹೊರಗ ಕುಂತ್ರಿ? ಒಳಗ ಬರ್ರಿ, ಮಂದಿ ನೋಡಾಕತ್ತಾರ!" ಎಂದರು ಅತ್ತೆ.

"ಕೂಸು ಹೆದರೈತ್ರಿ ಅತ್ತಿ. ಅದು ಕರೀಲಿ, ಬರ್ತೀನಿ."

"ಕೂಸೇನ ಕರೀತೈತ್ರಿ? ಅದಕ ಮಾತ ಬರ್ತಾವೇನು?"

ಶಾಂತಾ ಬಾಗಿಲಿಗೆ ಬಂದು ನಿಂತಳು. ಹನ್ನೊಂದು ತಿಂಗಳಲ್ಲಿ ತೆಳ್ಳಗಾಗಿದ್ದಳು. ನನ್ನ ಬರಿಗಾಲು ನೋಡಿದಳು. ಬೆಟ್ಟದ ಮೇಲೆ ಏನಾಯಿತು ಎಂದು ನಾನು ಅವಳಿಗೆ ಕನ್ನಡದಲ್ಲಿ, ಅಕ್ಷರ ಅಕ್ಷರ ಕೂಡಿಸಿ ಬರೆದಿದ್ದೆ. ನನ್ನ ಜೀವನದ ಮೊದಲ ಕನ್ನಡ ಪತ್ರ ಅದು. ಅವಳಿಗೆ ತಿಳಿಯಿತು. "ಇರ್ಲಿ ಬಿಡಬೇ ಯವ್ವಾ. ಕುಂಡರ್ಲಿ" ಎಂದಳು. ಒಳಗೆ ಹೋಗಿ ನನಗೆ ಚಹಾ ತಂದು ಕಟ್ಟೆಯ ಮೇಲೆಯೇ ಕೊಟ್ಟಳು.

ಮಗಳು ಅಳು ನಿಲ್ಲಿಸಿದಳು. ಸ್ವಲ್ಪ ಹೊತ್ತು ನನ್ನನ್ನು ನೋಡಿದಳು, ಸ್ವಲ್ಪ ಹೊತ್ತು ತನ್ನ ಕಾಲಿನ ಗೆಜ್ಜೆಯನ್ನು ನೋಡಿದಳು. ಎದುರುಮನೆಯವರು ಬಂದು, ಅಳಿಯನಿಗೂ ಅತ್ತೆಗೂ ಜಗಳವೇ ಎಂದು ವಿಚಾರಿಸಿಕೊಂಡು ಹೋದರು. ಚಹಾ ಮುಗಿಯಿತು. ಬಿಸಿಲು ಕಟ್ಟೆಯ ಅರ್ಧಕ್ಕೆ ಬಂತು. ನಾನು ಗೋಡೆಗೊರಗಿ ಕೂತಿದ್ದೆ, ಗೆಜ್ಜೆಯ ಸದ್ದು ಹತ್ತಿರ ಬಂದಂತಾಯಿತು. ತಿರುಗಿದರೆ ಅವಳು ಅಂಬೆಗಾಲಿಕ್ಕುತ್ತ ಹೊಸ್ತಿಲಿನ ತನಕ ಬಂದಿದ್ದಳು. ಎರಡೂ ಅಂಗೈ ಹೊಸ್ತಿಲಿನ ಮೇಲಿಟ್ಟು ನನ್ನ ಕಾಲನ್ನು ನೋಡಿದಳು. ಒಂದು ಮಂಡಿ ಎತ್ತಿದಳು, ಇನ್ನೊಂದು ಎತ್ತಿದಳು, ಆಚೆ ಬಿದ್ದಳು, ಎದ್ದಳು, ನನ್ನ ಕಾಲಿನ ಹೆಬ್ಬೆರಳನ್ನು ಮುಷ್ಟಿಯಲ್ಲಿ ಹಿಡಿದಳು.

"ಹೊಸ್ತಲಾ ದಾಟಿತ್ರೇ! ಕೂಸು ಹೊಸ್ತಲಾ ದಾಟಿತು!" ಅತ್ತೆ ಒಳಗಿನಿಂದ ಕೂಗುತ್ತ ಬಂದರು. "ಶಾಂತಾ, ಸಕ್ರಿ ತಾರ! ಹೋಳಗಿಗಿ ಬ್ಯಾಳಿ ಇಡು!" ಕೂಸು ಮೊದಲ ಸಲ ತಾನಾಗಿ ಹೊಸ್ತಿಲು ದಾಟಿದ ದಿನ ನಮ್ಮ ಕಡೆ ಸಿಹಿ ಮಾಡುತ್ತಾರೆ. ಹುಟ್ಟಿದ ದಿನದ ಸಕ್ಕರೆ ನನಗೆ ಸಿಕ್ಕಿರಲಿಲ್ಲ. ಈ ದಿನದ್ದು ಸಿಕ್ಕಿತು. ಶಾಂತಾ ಮೊದಲು ಮಗಳ ಬಾಯಿಗೆ, ಆಮೇಲೆ ನನ್ನ ಬಾಯಿಗೆ ಒಂದೊಂದು ಚಿಟಿಕೆ ಹಾಕಿದಳು. ಮಗಳು ನನ್ನ ಹೆಬ್ಬೆರಳನ್ನು ಬಿಟ್ಟಿರಲಿಲ್ಲ.

"ಇನ್ನರೆ ಒಳಗ ಬರ್ತೀರೋ ಇಲ್ಲೋ?" ಎಂದರು ಅತ್ತೆ.

ಅವಳನ್ನು ಎತ್ತಿಕೊಂಡು ಒಳಗೆ ಹೋದೆ.